ಮೊಬೈಲ್ ಫೋಟೋ ಹತ್ತು ವರ್ಷ, ರೀಲು ಫೋಟೋ ನೂರು ವರ್ಷ: ಈ ಮಾತು ಎಷ್ಟು ನಿಜ?

"ಮೊಬೈಲಿನಲ್ಲಿ ತೆಗೆದ ಫೋಟೋ ಹತ್ತು ವರ್ಷಕ್ಕೆ ಮಾಯವಾಗುತ್ತದೆ. ಅಜ್ಜನ ಕಾಲದ ರೀಲು ಫೋಟೋ ನೂರು ವರ್ಷ ಬಾಳುತ್ತದೆ. ಅದಕ್ಕೇ ಈಗಿನ ಹುಡುಗರು ಮತ್ತೆ ರೀಲು ಕ್ಯಾಮೆರಾ ಹಿಡಿದಿದ್ದಾರೆ." ಈ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಳೇ ನೆಗೆಟಿವ್ ಬಿಸಾಡಬೇಡಿ, ಅದರಲ್ಲಿ ಬೆಳ್ಳಿ ಇದೆ!"

ಎರಡರಲ್ಲೂ ಒಂದಿಷ್ಟು ನಿಜವಿದೆ, ಒಂದಿಷ್ಟು ತಪ್ಪೂ ಇದೆ. ಯಾವುದು ಎಷ್ಟು ಎಂದು ತಿಳಿಯಬೇಕಾದರೆ ರೀಲಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಇದು ಬರೀ ಹವ್ಯಾಸದ ವಿಷಯವಲ್ಲ. ನಿಮ್ಮ ಮನೆಯ ಬೀರುವಿನಲ್ಲಿರುವ ಹಳೆಯ ನೆಗೆಟಿವ್‌ಗಳು, ನಿಮ್ಮ ಫೋನಿನಲ್ಲಿರುವ ಮಗುವಿನ ಫೋಟೋಗಳು ಎರಡೂ ಉಳಿಯುತ್ತವೆಯೇ ಇಲ್ಲವೇ ಎಂಬ ಪ್ರಶ್ನೆ ಇದು.

ಚುಟುಕಾಗಿ ಹೇಳುವುದಾದರೆ

• ಫಿಲ್ಮ್ ಛಾಯಾಗ್ರಹಣ ಮರಳಿ ಬಂದಿರುವುದು ನಿಜ. ಆದರೆ ಅದು ಸಣ್ಣ ಪ್ರಮಾಣದಲ್ಲಿ, ಇಷ್ಟಪಟ್ಟು ಮಾಡುವವರ ನಡುವೆ.
• ಚೆನ್ನಾಗಿ ತೊಳೆದ ಕಪ್ಪು ಬಿಳುಪು ನೆಗೆಟಿವ್ ನೂರು ವರ್ಷ ಬಾಳಬಲ್ಲದು. ಕಲರ್ ನೆಗೆಟಿವ್ ಬಣ್ಣ ಮಾಸುತ್ತದೆ. ನಮ್ಮ ಮಳೆಗಾಲದ ತೇವ ಎರಡನ್ನೂ ಹಾಳು ಮಾಡಬಲ್ಲದು.
• ಡಿಜಿಟಲ್ ಫೋಟೋ ತಾನಾಗಿ ಮಾಸುವುದಿಲ್ಲ. ಆದರೆ ಅದನ್ನು ಇಟ್ಟ ಫೋನು, ಕಾರ್ಡು, ಡಿಸ್ಕ್ ಕೆಡುತ್ತವೆ.
• ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿ ಇದೆ, ಆದರೆ ಅತ್ಯಲ್ಪ. ಕಲರ್ ನೆಗೆಟಿವ್‌ನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.
• ಪ್ರಿಂಟು ಹಾಕಿಸಲು ರೀಲು ಬೇಕಿಲ್ಲ. ಮೊಬೈಲ್ ಫೋಟೋವನ್ನೂ ಒಳ್ಳೆಯ ಪ್ರಿಂಟು ಮಾಡಿಸಬಹುದು.

ಒಂದು ಟ್ರಂಕು, ಒಂದು ಹಾರ್ಡ್ ಡಿಸ್ಕು

ನಮ್ಮ ತಂಡದ ಒಬ್ಬರ ಮನೆ ಶಿರಸಿ ಕಡೆ. ಅಲ್ಲಿ ಅಜ್ಜಿ ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಬೇಕಾಯಿತು. ಎಲ್ಲರ ಫೋನಿನಲ್ಲೂ ಅಜ್ಜಿ ಇದ್ದರು. ಆದರೆ ಎಲ್ಲವೂ ಗ್ರೂಪಿನಿಂದ ಗ್ರೂಪಿಗೆ ಹೋಗಿ ಬಂದ ಫೋಟೋಗಳು. ದೊಡ್ಡದು ಮಾಡಿದರೆ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು. ಮೊಮ್ಮಗನ ಉಪನಯನದಲ್ಲಿ ತೆಗೆಸಿದ ಒಳ್ಳೆಯ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಕಂಪ್ಯೂಟರಿಗೆ ಜೋಡಿಸಿದರೆ ಟಿಕ್ ಟಿಕ್ ಎಂದು ಸದ್ದು ಮಾಡಿತೇ ಹೊರತು ತೆರೆಯಲಿಲ್ಲ.

ಕೊನೆಗೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಲಕೋಟೆ ಸಿಕ್ಕಿತು. ಒಳಗೆ ಹಳೆಯ ಚೌಕಾಕಾರದ ಕಪ್ಪು ಬಿಳುಪು ನೆಗೆಟಿವ್‌ಗಳು. ಅರ್ಧದಷ್ಟು ಒಂದಕ್ಕೊಂದು ಅಂಟಿಕೊಂಡು ಹೋಗಿದ್ದವು. ಒಂದರಲ್ಲಿ ಮಾತ್ರ ಬಾವಿಕಟ್ಟೆಯ ಪಕ್ಕ ಕರುವಿನ ಜೊತೆ ನಿಂತ ಅಜ್ಜಿ, ಇನ್ನೂ ಮೂವತ್ತು ದಾಟದ ವಯಸ್ಸು. ಒಂದು ಮೂಲೆಯನ್ನು ಬೂಷ್ಟು ತಿಂದಿತ್ತು, ಮುಖ ಉಳಿದಿತ್ತು. ಈಗ ಗೋಡೆಯ ಮೇಲಿರುವುದು ಅದೇ ಫೋಟೋ.

ಈ ಕಥೆ ಕೇಳಿದವರೆಲ್ಲ "ನೋಡಿ, ರೀಲೇ ಗಟ್ಟಿ" ಎಂದರು. ನಮಗೆ ಹಾಗನ್ನಿಸಲಿಲ್ಲ. ಅದೇ ಲಕೋಟೆಯ ಅರ್ಧ ನೆಗೆಟಿವ್‌ಗಳು ಹಾಳಾಗಿದ್ದವಲ್ಲ? ಡಿಸ್ಕು ಕೆಟ್ಟಿದ್ದೂ ನಿಜ, ನೆಗೆಟಿವ್ ಅಂಟಿಕೊಂಡಿದ್ದೂ ನಿಜ. ಎರಡರಲ್ಲೂ ಇದ್ದದ್ದು ಒಂದೇ ಪ್ರತಿ. ಎರಡನ್ನೂ ವರ್ಷಗಟ್ಟಲೆ ಯಾರೂ ತೆಗೆದು ನೋಡಿರಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ರೀಲು ನಿಜವಾಗಿಯೂ ವಾಪಸ್ ಬಂದಿದೆಯೇ?

ಬಂದಿದೆ. ಆದರೆ ಮೊದಲು ಹೋಗಿದ್ದು ಹೇಗೆಂದು ನೋಡೋಣ.

ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದು ಫಿಲ್ಮ್ ಮಾರುತ್ತಿದ್ದ ಕೊಡಕ್ ಕಂಪನಿಯಲ್ಲೇ. 1975ರಲ್ಲಿ ಅಲ್ಲಿನ ಎಂಜಿನಿಯರ್ ಸ್ಟೀವ್ ಸ್ಯಾಸನ್ ಕೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ತೂಕ ಸುಮಾರು 3.6 ಕಿಲೋ. ಚಿತ್ರದಲ್ಲಿದ್ದದ್ದು 10,000 ಚುಕ್ಕಿಗಳು ಮಾತ್ರ. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ಬೇಕಿತ್ತು. ಮುಂದೆ ಇದೇ ತಂತ್ರಜ್ಞಾನ ಫಿಲ್ಮ್ ವ್ಯಾಪಾರವನ್ನು ನುಂಗಿತು. ಪೋಲರಾಯ್ಡ್ ಕಂಪನಿ 2008ರಲ್ಲಿ ತನ್ನ ಇನ್‌ಸ್ಟಂಟ್ ಫಿಲ್ಮ್ ನಿಲ್ಲಿಸಿತು. ಹೆಸರಾಂತ ಕೊಡಾಕ್ರೋಮ್ ಫಿಲ್ಮ್ ತಯಾರಿಕೆ ನಿಂತದ್ದು 2009ರಲ್ಲಿ. 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು.

ನಮ್ಮ ದೇಶದ ಕಥೆಯೂ ಇದೇ. 1960ರಲ್ಲಿ ಊಟಿಯಲ್ಲಿ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಶುರುವಾಯಿತು. 'ಇಂದು' ಹೆಸರಿನ ಕಪ್ಪು ಬಿಳುಪು ಫಿಲ್ಮ್, ಎಕ್ಸ್‌ರೇ ಫಿಲ್ಮ್, ಪ್ರಿಂಟಿಂಗ್ ಪೇಪರ್ ಅಲ್ಲಿ ತಯಾರಾಗುತ್ತಿದ್ದವು. ಕಲರ್ ಬಂದಾಗ ಆ ಕಾರ್ಖಾನೆಗೆ ಪೆಟ್ಟು ಬಿತ್ತು, ಕೊನೆಗೆ ಬಾಗಿಲು ಮುಚ್ಚಿತು.

ಆಮೇಲೆ ಗಾಳಿ ಸ್ವಲ್ಪ ತಿರುಗಿತು. ಪೋಲರಾಯ್ಡ್‌ನ ನೆದರ್‌ಲ್ಯಾಂಡ್ಸ್ ಕಾರ್ಖಾನೆಯನ್ನು ಕೆಲವರು ಉಳಿಸಿಕೊಂಡು ಮತ್ತೆ ಫಿಲ್ಮ್ ಮಾಡಿದರು. ನಿಲ್ಲಿಸಿದ್ದ ಎಕ್ಟಾಕ್ರೋಮ್ ಫಿಲ್ಮನ್ನು ಕೊಡಕ್ 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ಹಾರ್ಮನ್ ಕಂಪನಿ 2023ರ ಕೊನೆಯಲ್ಲಿ ಫೀನಿಕ್ಸ್ ಎಂಬ ಹೊಸ ಕಲರ್ ಫಿಲ್ಮ್ ಹೊರತಂದಿತು. 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಚ್ಚಹೊಸ ರೀಲು ಕ್ಯಾಮೆರಾ ಬಂತು. 36 ಫೋಟೋಗಳ ರೀಲಿನಲ್ಲಿ ಅರ್ಧ ಅಳತೆಯ 72 ಫೋಟೋ ತೆಗೆಯುವ ಕ್ಯಾಮೆರಾ ಅದು. ತೆಗೆದ ಕೂಡಲೇ ಪ್ರಿಂಟ್ ಹೊರಬರುವ ಇನ್‌ಸ್ಟಾಕ್ಸ್ ಕ್ಯಾಮೆರಾಗಳನ್ನು ನಮ್ಮೂರ ಮದುವೆ, ಹುಟ್ಟುಹಬ್ಬಗಳಲ್ಲೂ ನೀವು ನೋಡಿರಬಹುದು.

ಫೋನಿನಲ್ಲೇ ಬೆಳೆದ ತಲೆಮಾರಿಗೆ ಇದರಲ್ಲಿ ಏನು ಕಂಡಿತು? ರೀಲಿನಲ್ಲಿ 36 ಫೋಟೋ ಮಾತ್ರ, ಹಾಗಾಗಿ ಒತ್ತುವ ಮುಂಚೆ ಯೋಚಿಸಬೇಕು. ತೆಗೆದದ್ದನ್ನು ಆಗಲೇ ನೋಡಲಾಗದು, ಹಾಗಾಗಿ ಕಾಯಬೇಕು. ಕೊನೆಗೆ ಕೈಗೆ ಒಂದು ವಸ್ತು ಸಿಗುತ್ತದೆ. ಸಾವಿರ ಫೋಟೋ ತೆಗೆದು ಒಂದನ್ನೂ ಮತ್ತೆ ನೋಡದ ಕಾಲದಲ್ಲಿ ಈ ಮೂರೂ ಹೊಸ ಅನುಭವವೇ. "ಮೊಬೈಲ್ ಫೋಟೋ ಉಳಿಯುವುದಿಲ್ಲ ಎಂದು ಹೆದರಿ ಎಲ್ಲರೂ ರೀಲಿಗೆ ಮರಳುತ್ತಿದ್ದಾರೆ" ಎಂಬುದು ಮಾತ್ರ ಉತ್ಪ್ರೇಕ್ಷೆ. ಹೀಗೆ ಮರಳಿದವರ ಜೇಬಿನಲ್ಲೂ ಫೋನ್ ಇದ್ದೇ ಇರುತ್ತದೆ.

ರೀಲಿನೊಳಗೆ ನಡೆಯುವುದೇನು?

ಫಿಲ್ಮ್ ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಜೆಲಟಿನ್ ಲೇಪ. ಈ ಜೆಲಟಿನ್ ತಯಾರಾಗುವುದು ಪ್ರಾಣಿಗಳ ಮೂಳೆ, ಚರ್ಮದಿಂದ. ಅದರೊಳಗೆ ಬೆಳ್ಳಿ ಮತ್ತು ಬ್ರೋಮಿನ್, ಅಯೋಡಿನ್ ಸೇರಿದ ಲವಣದ ಅತಿ ಸಣ್ಣ ಹರಳುಗಳು ಹುದುಗಿರುತ್ತವೆ.

ಬೆಳಕು ಒಂದು ಹರಳಿಗೆ ಬಿದ್ದಾಗ ಕೆಲವೇ ಕೆಲವು ಬೆಳ್ಳಿ ಪರಮಾಣುಗಳು ಬೇರ್ಪಟ್ಟು ಒಂದೆಡೆ ಸೇರುತ್ತವೆ. ನಾಲ್ಕಾರು ಪರಮಾಣು ಸೇರಿದರೂ ಸಾಕು, ಆ ಹರಳಿಗೆ 'ಬೆಳಕು ಬಿದ್ದಿದೆ' ಎಂಬ ಗುರುತು ಬಿದ್ದಂತೆ. ಇದು ಕಣ್ಣಿಗೆ ಕಾಣದ ಚಿತ್ರ. ಸ್ಟುಡಿಯೋದವರು 'ರೀಲು ತೊಳೆಯುವುದು' ಎನ್ನುತ್ತಿದ್ದರಲ್ಲ, ಆ ಕೆಲಸ ಈ ಗುರುತನ್ನು ಕಾಣುವ ಚಿತ್ರವಾಗಿಸುತ್ತದೆ. ಅದರಲ್ಲಿ ಮೂರು ಹಂತಗಳಿವೆ.

ಮೊದಲನೆಯದು ಡೆವಲಪರ್. ಗುರುತು ಬಿದ್ದ ಹರಳನ್ನು ಈ ದ್ರಾವಣ ಪೂರ್ತಿ ಬೆಳ್ಳಿಯಾಗಿಸುತ್ತದೆ. ಸೂಕ್ಷ್ಮ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಬೆಳಕು ಹೆಚ್ಚು ಬಿದ್ದ ಜಾಗ ಹೆಚ್ಚು ಕಪ್ಪು. ಆದ್ದರಿಂದಲೇ ನೆಗೆಟಿವ್‌ನಲ್ಲಿ ಬಿಳಿ ಪಂಚೆ ಕಪ್ಪಾಗಿ, ಕಪ್ಪು ಕೂದಲು ಬಿಳಿಯಾಗಿ ಕಾಣುತ್ತದೆ.

ಎರಡನೆಯದು ಫಿಕ್ಸರ್, ನಮ್ಮ ಸ್ಟುಡಿಯೋಗಳ ಭಾಷೆಯಲ್ಲಿ 'ಹೈಪೋ'. ಬೆಳಕು ಬೀಳದೆ ಉಳಿದ ಹರಳುಗಳನ್ನು ಇದು ಕರಗಿಸಿ ತೆಗೆಯುತ್ತದೆ. ಇಲ್ಲದಿದ್ದರೆ ಹೊರಗೆ ತಂದ ಕೂಡಲೇ ಅವೂ ಕಪ್ಪಾಗುತ್ತಾ ಹೋಗುತ್ತವೆ. ಮೂರನೆಯದು ನೀರಿನಲ್ಲಿ ಚೆನ್ನಾಗಿ ತೊಳೆಯುವುದು. ಹೈಪೋ ಉಳಿದರೆ ವರ್ಷಗಳ ನಂತರ ಚಿತ್ರ ಹಳದಿಯಾಗಿ ಮಾಸುತ್ತದೆ.

ಕಲರ್ ಫಿಲ್ಮ್‌ನಲ್ಲಿ ಇನ್ನೊಂದು ಹೆಜ್ಜೆ ಇದೆ. ಬೆಳ್ಳಿ ಮೂಡುವಾಗಲೇ ಅದರ ಸುತ್ತ ಬಣ್ಣದ ಕಣಗಳು ಹುಟ್ಟುತ್ತವೆ. ಆಮೇಲೆ ಬೆಳ್ಳಿಯನ್ನು ಪೂರ್ತಿ ತೆಗೆದುಹಾಕಿ ಬಣ್ಣವನ್ನಷ್ಟೇ ಉಳಿಸಲಾಗುತ್ತದೆ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದಿನ ಎರಡು ಪ್ರಶ್ನೆಗಳಿಗೆ ಇದೇ ಉತ್ತರ.

ಸಿನಿಮಾದ ಕೆಂಪು ದೀಪ: ಅರ್ಧ ನಿಜ

ಸಿನಿಮಾಗಳಲ್ಲಿ ಕೆಂಪು ದೀಪದ ಕೋಣೆಯಲ್ಲಿ ಎಲ್ಲ ಕೆಲಸ ನಡೆಯುತ್ತದೆ. ಕಪ್ಪು ಬಿಳುಪು ಪ್ರಿಂಟಿಂಗ್ ಪೇಪರಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುವುದಿಲ್ಲ, ಹಾಗಾಗಿ ಪ್ರಿಂಟು ಹಾಕುವಾಗ ಕೆಂಪು ದೀಪ ಸರಿ. ಆದರೆ ಈಗ ಸಿಗುವ ಸಾಮಾನ್ಯ ಫಿಲ್ಮ್‌ಗಳು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುತ್ತವೆ. ರೀಲನ್ನು ಡಬ್ಬಿಯಿಂದ ತೆಗೆದು ತೊಳೆಯುವ ಟ್ಯಾಂಕಿಗೆ ಹಾಕುವ ಕೆಲಸ ಪೂರ್ಣ ಕತ್ತಲಲ್ಲೇ ಆಗಬೇಕು. ಕೆಂಪು ಬಲ್ಬ್ ಹಾಕಿ ರೀಲು ಬಿಚ್ಚಿದರೆ ಅಷ್ಟೂ ಫೋಟೋ ಹೋದಂತೆ.

ಇದಕ್ಕೆ ಸೇರಿದ ಇನ್ನೊಂದು ಮಾತು: "ಕ್ಯಾಮೆರಾದ ಹಿಂಬದಿ ಒಮ್ಮೆ ತೆರೆದರೆ ಎಲ್ಲ ಫೋಟೋ ಹಾಳು." ಎಲ್ಲವೂ ಅಲ್ಲ. ಬಿಗಿಯಾಗಿ ಸುತ್ತಿಕೊಂಡ ರೀಲಿನ ಹೊರಸುತ್ತುಗಳು ಒಳಸುತ್ತಿಗೆ ಮರೆಯಾಗುತ್ತವೆ. ತಪ್ಪಿ ತೆರೆದರೆ ತಕ್ಷಣ ಮುಚ್ಚಿ, ರೀಲನ್ನು ಬಿಸಾಡದೆ ತೊಳೆಸಿ. ಕೆಲವಾದರೂ ಉಳಿದಿರಬಹುದು.

ಕಾಫಿಯಲ್ಲಿ ರೀಲು ತೊಳೆಯಬಹುದೇ?

ತಮಾಷೆಯಲ್ಲ, ಇದು ನಿಜ. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಸೇರಿಸಿ ಕಪ್ಪು ಬಿಳುಪು ಫಿಲ್ಮ್ ಡೆವಲಪ್ ಮಾಡುವ ವಿಧಾನಕ್ಕೆ 'ಕೆಫೆನಾಲ್' ಎಂದು ಹೆಸರು. 1995ರಲ್ಲಿ ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ತರಗತಿಯೊಂದರಲ್ಲಿ ಇದು ರೂಪುಗೊಂಡಿತು. ಆದರೆ ಇಲ್ಲಿ ಕೆಲಸ ಮಾಡುವುದು ಹೆಸರು ಸೂಚಿಸುವಂತೆ ಕೆಫೀನ್ ಅಲ್ಲ. ಕಾಫಿಯಲ್ಲಿರುವ ಕೆಫಿಕ್ ಆಮ್ಲದಂಥ ಬೇರೆ ಸಂಯುಕ್ತಗಳು. ಕಾಫಿ ಡೆವಲಪರ್‌ನ ಕೆಲಸ ಮಾತ್ರ ಮಾಡುತ್ತದೆ. ಹೈಪೋ ಬೇಕೇ ಬೇಕು. ಆ ದ್ರಾವಣವನ್ನು ಕುಡಿಯಬಾರದು ಎಂದು ಬೇರೆ ಹೇಳಬೇಕಿಲ್ಲ!

ಮಾತು 1: "ನೆಗೆಟಿವ್‌ನಲ್ಲಿ ಬೆಳ್ಳಿ ಇದೆ, ಮಾರಿದರೆ ದುಡ್ಡು"

ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಚಿತ್ರವೇ ಬೆಳ್ಳಿ. ಆದರೆ 36 ಫೋಟೋಗಳ ಇಡೀ ರೀಲಿನಲ್ಲಿ ಇರುವುದು ಒಂದು ಗ್ರಾಮಿಗಿಂತ ಕಡಿಮೆ. ಅದರಲ್ಲೂ ಒಂದು ಭಾಗ ತೊಳೆಯುವಾಗಲೇ ಹೈಪೋದಲ್ಲಿ ಕರಗಿ ಹೋಗಿರುತ್ತದೆ. ಕಲರ್ ನೆಗೆಟಿವ್‌ನಲ್ಲಿ, ಮೇಲೆ ಹೇಳಿದಂತೆ, ಬೆಳ್ಳಿಯನ್ನು ತೆಗೆದೇ ಕೊಟ್ಟಿರುತ್ತಾರೆ.

ಈ ಮಾತು ಹುಟ್ಟಿದ್ದು ಬಹುಶಃ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್‌ನಿಂದ. ಅವು ದೊಡ್ಡವು, ಹೆಚ್ಚಿನವಕ್ಕೆ ಎರಡೂ ಬದಿ ಲೇಪ ಇರುತ್ತದೆ. ರಾಶಿ ರಾಶಿಯಾಗಿ ಕೊಂಡು ಬೆಳ್ಳಿ ತೆಗೆಯುವ ಉದ್ಯಮವೂ ಇದೆ. ಮನೆಯಲ್ಲಿ ಆ್ಯಸಿಡ್, ಕಾಸ್ಟಿಕ್ ಸೋಡಾ ಹಾಕಿ ಬೆಳ್ಳಿ ತೆಗೆಯುವ ವಿಡಿಯೋಗಳನ್ನು ನೋಡಿ ಪ್ರಯತ್ನಿಸಬೇಡಿ. ಕಣ್ಣು, ಚರ್ಮ ಸುಡುತ್ತದೆ. ಸಿಗುವ ಬೆಳ್ಳಿ ಮದ್ದಿನ ಖರ್ಚಿಗೂ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ, ಅಜ್ಜಿಯ ಒಂದೇ ಫೋಟೋ ಕರಗಿ ಹೋಗುತ್ತದೆ. ನೆಗೆಟಿವ್ ಬಿಸಾಡಬೇಡಿ ಎಂಬ ಸಲಹೆ ಸರಿ, ಕಾರಣ ತಪ್ಪು.

ಮಾತು 2: "ರೀಲು ಫೋಟೋ ನೂರು ವರ್ಷ ಬಾಳುತ್ತದೆ"

ಯಾವ ರೀಲು, ಎಲ್ಲಿಟ್ಟಿದ್ದು ಎಂಬುದರ ಮೇಲೆ ಉತ್ತರ ನಿಂತಿದೆ.

ಕಪ್ಪು ಬಿಳುಪು ಚಿತ್ರ ಬೆಳ್ಳಿಯದು. ಚೆನ್ನಾಗಿ ತೊಳೆದು ಒಣ ಜಾಗದಲ್ಲಿಟ್ಟರೆ ನೂರು ವರ್ಷ ದೊಡ್ಡ ಮಾತಲ್ಲ. ನೂರು ವರ್ಷ ಹಿಂದಿನ ಪ್ರಿಂಟುಗಳು ಇಂದಿಗೂ ನಮ್ಮ ಮಠ, ಅರಮನೆ, ಹಳೆಯ ಮನೆಗಳ ಗೋಡೆ ಮೇಲಿವೆ.

ಕಲರ್ ಚಿತ್ರ ರಾಸಾಯನಿಕ ಬಣ್ಣದ್ದು. ಅದು ಕತ್ತಲಲ್ಲಿಟ್ಟರೂ ನಿಧಾನವಾಗಿ ಮಾಸುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಮದುವೆ ಆಲ್ಬಮ್ ತೆರೆದರೆ ಎಲ್ಲರೂ ಕೆಂಪು ಕೆಂಪಾಗಿ ಕಾಣುತ್ತಾರಲ್ಲ, ಆ ಕಾಲದ ಪೇಪರಿನ ನೀಲಿ ಹಸಿರು ಬಣ್ಣ ಮೊದಲು ಮಾಸಿ ಕೆಂಪು ಉಳಿದದ್ದೇ ಕಾರಣ. ಕಲರ್ ತಂತ್ರಜ್ಞಾನ ಆಮೇಲೆ ಸಾಕಷ್ಟು ಸುಧಾರಿಸಿದೆ, ಆದರೆ ಮಾಸುವುದು ನಿಂತಿಲ್ಲ.

ಇನ್ನು ಪಟ್ಟಿಯ ಪ್ಲಾಸ್ಟಿಕ್. ಹಳೆಯ ಬಹುಪಾಲು ನೆಗೆಟಿವ್‌ಗಳು ಅಸಿಟೇಟ್ ಪ್ಲಾಸ್ಟಿಕ್‌ನವು. ಬಿಸಿ, ತೇವದಲ್ಲಿ ಇದು ಕೊಳೆಯತೊಡಗಿದರೆ ಅಸಿಟಿಕ್ ಆಮ್ಲ ಬಿಡುತ್ತದೆ. ಅದೇ ವಿನೆಗರ್‌ನ ಹುಳಿ ವಾಸನೆ. ಡಬ್ಬಿ ತೆರೆದಾಗ ಆ ವಾಸನೆ ಬಂದರೆ ಕೊಳೆತ ಶುರುವಾಗಿದೆ ಎಂದರ್ಥ. ಆ ಆವಿ ಪಕ್ಕದ ನೆಗೆಟಿವ್‌ಗಳನ್ನೂ ಬೇಗ ಕೆಡಿಸುತ್ತದೆ.

ಮಲೆನಾಡು, ಕರಾವಳಿಯವರಿಗೆ ದೊಡ್ಡ ಶತ್ರು ಬೂಷ್ಟು. ಜೆಲಟಿನ್ ಪ್ರಾಣಿಜನ್ಯ ಪ್ರೋಟೀನ್, ಶಿಲೀಂಧ್ರಕ್ಕೆ ಒಳ್ಳೆಯ ಊಟ. ನಮ್ಮ ಸಹೋದ್ಯೋಗಿಯ ಮನೆಯ ನೆಗೆಟಿವ್‌ನ ಮೂಲೆ ಹೋಗಿದ್ದು ಹೀಗೆಯೇ.

ಹಾಗಾದರೆ ಡಿಜಿಟಲ್ ಗಟ್ಟಿಯೇ? ಫೈಲಿಗೆ ಬಣ್ಣ ಮಾಸುವ ಚಿಂತೆ ಇಲ್ಲ. ನೂರನೇ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಆದರೆ ಹಾರ್ಡ್ ಡಿಸ್ಕ್ ತಿರುಗುವ ಯಂತ್ರ, ಸವೆಯುತ್ತದೆ. ಮೆಮೊರಿ ಕಾರ್ಡು, ಪೆನ್ ಡ್ರೈವ್‌ಗಳಲ್ಲಿ ಮಾಹಿತಿ ಇರುವುದು ವಿದ್ಯುತ್ ಕಣಗಳ ರೂಪದಲ್ಲಿ, ವರ್ಷಗಟ್ಟಲೆ ಬಳಸದೆ ಇಟ್ಟರೆ ಅವು ಸೋರಿ ಹೋಗಬಹುದು. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರವೂ ಕೆಡುತ್ತದೆ. ಫೋನು ಕಳೆದುಹೋಗುತ್ತದೆ, ಖಾತೆಯ ಪಾಸ್‌ವರ್ಡ್ ಗೊತ್ತಿದ್ದವರು ತೀರಿಕೊಳ್ಳುತ್ತಾರೆ.

ಹಾಳಾಗುವ ರೀತಿಯೂ ಬೇರೆ. ನೆಗೆಟಿವ್ ಸ್ವಲ್ಪ ಸ್ವಲ್ಪವೇ ಹಾಳಾಗುತ್ತದೆ, ಮೂಲೆ ಹೋದರೂ ಮುಖ ಉಳಿಯಬಹುದು. ಡಿಸ್ಕ್ ಕೆಟ್ಟರೆ ಹತ್ತು ವರ್ಷದ ಫೋಟೋ ಒಂದೇ ದಿನ ಹೋಗುತ್ತದೆ. ಇಂಟರ್ನೆಟ್ಟಿನ ಮೂಲ ನಿಯಮಗಳನ್ನು ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ 2015ರಲ್ಲಿ ಇದರ ಬಗ್ಗೆಯೇ ಎಚ್ಚರಿಸಿದ್ದರು. ಮುಂದಿನ ತಲೆಮಾರಿಗೆ ನಮ್ಮ ಕಾಲದ ಫೈಲುಗಳನ್ನು ತೆರೆಯಲಾಗದೆ ಹೋಗಬಹುದು, ನಿಮಗೆ ನಿಜಕ್ಕೂ ಬೇಕಾದ ಫೋಟೋಗಳನ್ನು ಪ್ರಿಂಟು ಹಾಕಿಸಿಡಿ ಎಂಬುದು ಅವರ ಸಲಹೆಯಾಗಿತ್ತು.

ಮಾತು 3: "ರೀಲಿನ ಗುಣಮಟ್ಟಕ್ಕೆ ಮೊಬೈಲ್ ಸಾಟಿಯಿಲ್ಲ"

ರೀಲಿನಲ್ಲೂ ಮಿತಿ ಇದೆ. ಅತಿಯಾಗಿ ದೊಡ್ಡದು ಮಾಡಿದರೆ ರವೆಯಂಥ ಕಣಗಳು ಕಾಣುತ್ತವೆ. ಕಡಿಮೆ ಬೆಳಕಿನಲ್ಲಿ ಈಗಿನ ಒಳ್ಳೆಯ ಫೋನು ಹಲವು ಚಿತ್ರಗಳನ್ನು ಒಟ್ಟು ಸೇರಿಸಿ, ಸಾಮಾನ್ಯ ರೀಲಿಗೆ ಸಾಧ್ಯವಾಗದ ಫೋಟೋ ಕೊಡುತ್ತದೆ.

ರೀಲಿನ ನಿಜವಾದ ಬಲ ಬೇರೆ ಕಡೆ ಇದೆ. ನೆಗೆಟಿವ್ ಫಿಲ್ಮ್ ಅತಿ ಬೆಳಕನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬಿಸಿಲಿನಲ್ಲಿ ಬಿಳಿ ಅಂಗಿ, ಮೋಡ ಡಿಜಿಟಲ್‌ನಲ್ಲಿ ಒಮ್ಮೆಲೇ ಬರೀ ಬಿಳಿಯಾಗುವ ಜಾಗದಲ್ಲಿ ಫಿಲ್ಮ್ ವಿವರ ಉಳಿಸಿಕೊಳ್ಳುತ್ತದೆ. ಅದರ ಮೇಲೆ ಚಿತ್ರ ತೆಗೆದವರ ಕಣ್ಣು. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್, ಮೈಸೂರಿನವರೇ ಆದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಇವರ ಕಪ್ಪು ಬಿಳುಪು ಚಿತ್ರಗಳು ಇಂದಿಗೂ ಮನಸ್ಸಿನಲ್ಲಿ ನಿಲ್ಲುವುದು ಫಿಲ್ಮ್‌ನಿಂದ ಮಾತ್ರವಲ್ಲ. ಬೆಳಕನ್ನು ಅವರು ಓದಿದ ರೀತಿಯಿಂದ. ಮೂರ್ತಿಯವರು ಚಿತ್ರೀಕರಿಸಿದ 'ಕಾಗಜ್ ಕೆ ಫೂಲ್' (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ.

ಮಾತು 4: "ವಿಮಾನ ನಿಲ್ದಾಣದ ಎಕ್ಸ್‌ರೇ ರೀಲು ಅಳಿಸುತ್ತದೆ"

ಇದು ಬಹುಮಟ್ಟಿಗೆ ನಿಜ, ಆದರೆ ಯಾವ ಯಂತ್ರ ಎಂಬುದು ಮುಖ್ಯ. ಕೈಚೀಲ ನೋಡುವ ಹಳೆಯ ಬಗೆಯ ಎಕ್ಸ್‌ರೇ ಯಂತ್ರದಿಂದ ಒಂದೆರಡು ಸಲ ಹಾದುಹೋದರೆ 100, 200, 400 ವೇಗದ ಫಿಲ್ಮ್‌ಗೆ ಸಾಮಾನ್ಯವಾಗಿ ಏನೂ ಆಗದು. ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನ ಯಂತ್ರ ಮತ್ತು ಹೊಸ ಸಿಟಿ ಸ್ಕ್ಯಾನ್ ಮಾದರಿಯ ಯಂತ್ರಗಳು ಮಾತ್ರ ತೊಳೆಯದ ರೀಲಿಗೆ ಮಬ್ಬು ಹಿಡಿಸಬಲ್ಲವು. ರೀಲನ್ನು ಕೈಚೀಲದಲ್ಲಿಟ್ಟು, ಕೈಯಲ್ಲೇ ಪರೀಕ್ಷಿಸಿ ಎಂದು ವಿನಯದಿಂದ ಕೇಳಿ. ತೊಳೆದಾದ ನೆಗೆಟಿವ್‌ಗೂ ಮೆಮೊರಿ ಕಾರ್ಡಿಗೂ ಈ ಭಯವಿಲ್ಲ.

ಪ್ರಿಂಟು ಹಾಕಿಸಲು ರೀಲು ಬೇಕೇ?

ಬೇಡ. ಹಲವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನಿಮ್ಮೂರಿನ ಕಲರ್ ಲ್ಯಾಬ್‌ನಲ್ಲಿ ಪೆನ್ ಡ್ರೈವ್ ಕೊಟ್ಟು ಹಾಕಿಸುವ ಎಷ್ಟೋ ಪ್ರಿಂಟುಗಳು ಇಂದಿಗೂ ಬೆಳ್ಳಿ ಲವಣದ ಪೇಪರಿನ ಮೇಲೆಯೇ ಆಗುತ್ತವೆ. ಯಂತ್ರದೊಳಗೆ ಕೆಂಪು, ಹಸಿರು, ನೀಲಿ ಲೇಸರ್ ಬೆಳಕು ನಿಮ್ಮ ಫೈಲನ್ನು ಪೇಪರಿನ ಮೇಲೆ ಬರೆಯುತ್ತದೆ, ಆಮೇಲೆ ಅದು ದ್ರಾವಣಗಳಲ್ಲಿ ಮುಳುಗಿ ತೊಳೆದು ಬರುತ್ತದೆ. ಅಂದರೆ ಮೊಬೈಲ್ ಫೋಟೋದಿಂದಲೂ ಹಳೆಯ ವಿಧಾನದ ಪ್ರಿಂಟು ಸಿಗುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರ್‌ನ ಸಾಮಾನ್ಯ ಶಾಯಿಯ ಪ್ರಿಂಟಿಗಿಂತ ಇದು ಸಾಮಾನ್ಯವಾಗಿ ಹೆಚ್ಚು ಬಾಳುತ್ತದೆ.

ಎಡವುವುದು ಫೈಲಿನಲ್ಲಿ. ಒಳ್ಳೆಯ ಪ್ರಿಂಟಿಗೆ ಒಂದು ಇಂಚಿಗೆ ಸುಮಾರು 300 ಚುಕ್ಕಿ ಬೇಕು ಎಂಬುದು ಲ್ಯಾಬಿನವರ ಲೆಕ್ಕ. 4x6 ಇಂಚಿಗೆ 1200x1800 ಚುಕ್ಕಿ ಬೇಕು. 12x18 ಇಂಚಿಗೆ 3600x5400. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೋದ ಉದ್ದದ ಬದಿ 1600 ಚುಕ್ಕಿಯ ಆಸುಪಾಸಿಗೆ ಇಳಿಯುತ್ತದೆ, ಜೊತೆಗೆ ವಿವರವೂ ಹಿಂಡಿಹೋಗುತ್ತದೆ. ಅದು ಆಲ್ಬಮ್ಮಿನ ಸಣ್ಣ ಪ್ರಿಂಟಿಗೆ ಹೇಗೋ ಆದೀತು. ಗೋಡೆಯ ಫೋಟೋಗೆ ಸಾಲದು.

ಆದ್ದರಿಂದ ಪ್ರಿಂಟಿಗೆ ಫೋಟೋ ಕಳಿಸುವಾಗ 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಿ. ಆಗ ಮೂಲ ಫೈಲು ಹಾಗೇ ಹೋಗುತ್ತದೆ. 'ಎಚ್‌ಡಿ' ಆಯ್ಕೆ ಮಾಮೂಲಿಗಿಂತ ಮೇಲು, ಆದರೆ ಮೂಲದಷ್ಟಲ್ಲ. ಫೋಟೋ ತೆಗೆದವರ ಫೋನಿನಿಂದಲೇ ಕೇಳಿ ಪಡೆಯಿರಿ, ಗ್ರೂಪಿನಿಂದ ಇಳಿಸಿಕೊಳ್ಳಬೇಡಿ.

ಹೊಸದಾಗಿ ರೀಲು ಹಿಡಿಯುವವರಿಗೆ

ಖರ್ಚಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಉದಾಹರಣೆಗೆ ರೀಲಿಗೆ 1000 ರೂಪಾಯಿ, ತೊಳೆದು ಸ್ಕ್ಯಾನ್ ಮಾಡಲು 600 ರೂಪಾಯಿ ಎಂದಿಟ್ಟುಕೊಂಡರೆ 36 ಫೋಟೋಗಳಲ್ಲಿ ಒಂದಕ್ಕೆ ಸುಮಾರು 44 ರೂಪಾಯಿ ಬೀಳುತ್ತದೆ. ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಮನೆಯಲ್ಲಿ, ನೆಂಟರಲ್ಲಿ ಮೂಲೆಗೆ ಬಿದ್ದಿರುವ ಕ್ಯಾಮೆರಾ ಇದೆಯೇ ಕೇಳಿ. ಒಳಗೆ ತೊಳೆಸದ ರೀಲು ಇದ್ದರೂ ಇರಬಹುದು. ಹಿಂಬದಿ ತೆರೆಯುವ ಮೊದಲು ರೀಲು ಸುತ್ತಿ ಒಳಕ್ಕೆ ಸೇರಿಸಿ.

ಸುರಕ್ಷತೆಯ ಮೂರು ಮಾತುಗಳು:

ಫ್ಲ್ಯಾಶ್ ಇರುವ ಕ್ಯಾಮೆರಾವನ್ನು, ಮುಖ್ಯವಾಗಿ ಒಮ್ಮೆ ಬಳಸಿ ಬಿಡುವ ಕ್ಯಾಮೆರಾವನ್ನು, ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು. ಬ್ಯಾಟರಿ ತೆಗೆದ ಮೇಲೂ ಶಾಕ್ ಹೊಡೆಯುತ್ತದೆ.

ಮನೆಯಲ್ಲಿ ರೀಲು ತೊಳೆಯುವುದಾದರೆ ಗಾಳಿಯಾಡುವ ಜಾಗದಲ್ಲಿ, ಗ್ಲೌಸ್ ಹಾಕಿಕೊಂಡು ಮಾಡಿ. ಕೆಲವು ಡೆವಲಪರ್‌ಗಳು ಚರ್ಮಕ್ಕೆ ಅಲರ್ಜಿ ತರುತ್ತವೆ. ದ್ರಾವಣವನ್ನು ಜ್ಯೂಸ್, ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಮಕ್ಕಳು ಕುಡಿದಾರು.

ಬಳಸಿದ ಹೈಪೋದಲ್ಲಿ ಕರಗಿದ ಬೆಳ್ಳಿ ಇರುತ್ತದೆ. ಅದು ನೀರಿನ ಜೀವಿಗಳಿಗೆ ವಿಷ. ತೋಟಕ್ಕೆ, ಬಾವಿಯ ಬಳಿ, ಚರಂಡಿಗೆ ಸುರಿಯಬೇಡಿ. ಕ್ಯಾನಿನಲ್ಲಿ ಕೂಡಿಟ್ಟು ರೀಲು ತೊಳೆಯುವ ಲ್ಯಾಬಿನವರನ್ನು ಕೇಳಿ.

ಮನೆಯ ಹಳೆಯ ನೆಗೆಟಿವ್ ಉಳಿಸಿಕೊಳ್ಳುವುದು ಹೇಗೆ?

1. ಒಣ ದಿನ ನೋಡಿ, ಒಣ ಕೈಯಲ್ಲಿ ತೆರೆಯಿರಿ. ಅಂಚನ್ನಷ್ಟೇ ಹಿಡಿಯಿರಿ. ಬೆರಳಿನ ಎಣ್ಣೆ ಚಿತ್ರಕ್ಕೆ ತಾಗಬಾರದು.

2. ಹುಳಿ ವಾಸನೆ ಬರುವವು, ಬೂಷ್ಟು ಹಿಡಿದವು, ಚೆನ್ನಾಗಿರುವವು ಎಂದು ಮೂರು ಗುಂಪು ಮಾಡಿ. ಒಟ್ಟಿಗೆ ಇಡಬೇಡಿ.

3. ಬೂಷ್ಟು ಹಿಡಿದದ್ದನ್ನು ನೀರಿನಲ್ಲಿ ತೊಳೆಯಬೇಡಿ. ಶಿಲೀಂಧ್ರ ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವೇ ಜಾರಿ ಹೋಗಬಹುದು. ಅಂಟಿಕೊಂಡವನ್ನು ಎಳೆದು ಬಿಡಿಸಬೇಡಿ.

4. ಮೊದಲು ಪ್ರತಿ ಮಾಡಿ, ಆಮೇಲೆ ಉಳಿದದ್ದು. ಸ್ಕ್ಯಾನ್ ಮಾಡುವ ಲ್ಯಾಬ್ ಹತ್ತಿರವಿಲ್ಲದಿದ್ದರೆ ಫೋನಿನಲ್ಲೇ ತಾತ್ಕಾಲಿಕ ಪ್ರತಿ ತೆಗೆಯಬಹುದು. ಒಂದು ಫೋನ್ ಅಥವಾ ಲ್ಯಾಪ್‌ಟಾಪ್ ಪರದೆಯಲ್ಲಿ ಪೂರ್ತಿ ಬಿಳಿ ಬಣ್ಣ ತನ್ನಿ. ಅದರಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ನೆಗೆಟಿವ್ ಹಿಡಿಸಿ, ಇನ್ನೊಂದು ಫೋನಿನಲ್ಲಿ ಫೋಟೋ ತೆಗೆಯಿರಿ. ಪರದೆಗೆ ತಾಗಿಸಿ ಇಟ್ಟರೆ ಪರದೆಯ ಚುಕ್ಕಿಗಳು ಚಿತ್ರದಲ್ಲಿ ಮೂಡುತ್ತವೆ. ಆಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ಬಣ್ಣ ತಿರುವುಮುರುವು ಮಾಡಿದರೆ ಮುಖ ಕಾಣುತ್ತದೆ.

5. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಬಿಸಾಡಬೇಡಿ. ಅದೇ ಮೂಲ. ನಾಳೆ ಇನ್ನೂ ಒಳ್ಳೆಯ ಸ್ಕ್ಯಾನ್ ಸಾಧ್ಯವಾಗಬಹುದು.

6. ಕಾಗದದ ಲಕೋಟೆಯಲ್ಲಿ ಒಂದೊಂದಾಗಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಹುಳಿ ವಾಸನೆಯವಕ್ಕೆ ಮಾತ್ರ ಗಾಳಿಯಾಡುವ ಪೆಟ್ಟಿಗೆ ಇರಲಿ, ಆವಿ ಒಳಗೇ ನಿಲ್ಲಬಾರದು. ಅಟ್ಟ ಬಿಸಿಯಾಗುತ್ತದೆ, ನೆಲಮಟ್ಟದ ಕಪಾಟು ತೇವವಾಗುತ್ತದೆ. ಮನೆಯ ನಡುವಿನ ಕೋಣೆಯ ಬೀರು ಒಳ್ಳೆಯದು. ನುಸಿಗುಳಿಗೆ ಹಾಕಬೇಡಿ. ಮಳೆಗಾಲಕ್ಕೆ ಮೊದಲು ಮತ್ತು ನಂತರ ಒಮ್ಮೆ ತೆರೆದು ನೋಡಿ.

ಡಿಜಿಟಲ್ ಫೋಟೋಗಳಿಗೆ ನಿಯಮ ಇನ್ನೂ ಸುಲಭ: ಮೂರು ಪ್ರತಿ, ಎರಡು ಬೇರೆ ಬಗೆಯ ಜಾಗ, ಒಂದು ಪ್ರತಿ ಮನೆಯ ಹೊರಗೆ. ಫೋನಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಆನ್‌ಲೈನ್ ಖಾತೆಯಲ್ಲಿ ಅಥವಾ ತಂಗಿಯ ಮನೆಯಲ್ಲಿ ಒಂದು. ಇದರ ಜೊತೆ ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಇಪ್ಪತ್ತು ಫೋಟೋ ಆರಿಸಿ ಪ್ರಿಂಟು ಹಾಕಿಸಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ನುಣುಪಾದ ಲ್ಯಾಬ್ ಪೇಪರಿಗೆ ಪೆನ್ಸಿಲ್ ಹಿಡಿಯದಿದ್ದರೆ ಆಲ್ಬಮ್ಮಿನ ಪುಟದಲ್ಲೇ ಬರೆಯಿರಿ.

ಆ ಕೊನೆಯ ಕೆಲಸ ಯಾವ ತಂತ್ರಜ್ಞಾನವೂ ನಿಮ್ಮ ಪರವಾಗಿ ಮಾಡುವುದಿಲ್ಲ. ಶಿರಸಿಯ ಆ ಟ್ರಂಕಿನಲ್ಲಿ ಉಳಿದ ನೆಗೆಟಿವ್‌ಗಳಲ್ಲಿ ಇನ್ನೂ ನಾಲ್ಕು ಮುಖಗಳು ಸ್ಪಷ್ಟವಾಗಿವೆ. ಅವರು ಯಾರೆಂದು ಹೇಳಬಲ್ಲವರು ಅಜ್ಜಿಯೊಬ್ಬರೇ ಇದ್ದರು.

ಹಾಗಾಗಿ "ರೀಲು ನೂರು ವರ್ಷ, ಮೊಬೈಲ್ ಹತ್ತು ವರ್ಷ" ಎಂಬ ಸಂದೇಶ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಪಕ್ಕ ಕೂತು ಹಳೆಯ ಆಲ್ಬಮ್ ತೆರೆಯಿರಿ, ಒಂದೊಂದು ಮುಖದ ಹೆಸರು ಕೇಳಿ ಬರೆದುಕೊಳ್ಳಿ. ಇವತ್ತೇ ಆದರೆ ಇನ್ನೂ ಒಳ್ಳೆಯದು.